ಡೀಲಿಸ್ಟಿಂಗ್ ಅಂದರೇನು?

ಮುಂಬಯಿಯ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆ ಮನೆಯಲ್ಲಿದ್ದರೆ ಕೊನೆಯ ಪುಟಗಳನ್ನು ತಿರುವಿ ನೋಡಿ. ಸದಸ್ಯರ ಪಟ್ಟಿ ಇರುವುದುಂಟು: ಹೆಸರು, ಡೊಂಬಿವಲಿಯದೋ ಮಾಟುಂಗದ್ದೋ ಫ್ಲ್ಯಾಟ್ ನಂಬರು, ಮೊಬೈಲು. ಕಾಗದದಲ್ಲಿದ್ದಾಗ ಅದು ಪರಿಚಯದವರಿಗಷ್ಟೇ ಸಿಗುತ್ತಿತ್ತು. ಪಿಡಿಎಫ್ ಆಗಿ ವೆಬ್‌ಸೈಟಿಗೆ ಏರಿದ ಮೇಲೆ, ಹೆಸರು ಟೈಪ್ ಮಾಡಿದ ಯಾರಿಗಾದರೂ ಮನೆ ಬಾಗಿಲಿನವರೆಗೂ ದಾರಿ ಸಿಗುತ್ತದೆ.

ಹಾಗೆ ಹುಡುಕಿದಾಗ ಆ ಪುಟದ ಕೊಂಡಿ ಬರದಂತೆ ಸರ್ಚ್ ಎಂಜಿನ್ ತೆಗೆದುಹಾಕುವುದೇ ಡೀಲಿಸ್ಟಿಂಗ್. ಪುಟ ಇದ್ದಲ್ಲೇ ಇರುತ್ತದೆ.

ಈ ಮಾತಿಗೆ ಬಲ ಬಂದದ್ದು ಸ್ಪೇನಿನ ಮಾರಿಯೋ ಕೊಸ್ತೇಹಾ ಅವರ ದಾವೆಯಿಂದ. ಬಾಕಿಗಾಗಿ ಅವರ ಆಸ್ತಿ ಹರಾಜಿಗೆ ಬಂದ ಪ್ರಕಟಣೆ 1998ರಲ್ಲಿ ಪತ್ರಿಕೆಯಲ್ಲಿ ಅಚ್ಚಾಗಿತ್ತು. ವಿಷಯ ಇತ್ಯರ್ಥವಾಗಿ ಎಷ್ಟೋ ವರ್ಷ ಕಳೆದರೂ ಗೂಗಲ್ ಅದನ್ನೇ ತೋರಿಸುತ್ತಿತ್ತು. 2014ರ ಮೇ 13ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಪತ್ರಿಕೆಯ ಪುಟ ಉಳಿದರೂ ಕೊಂಡಿ ತೆಗೆಯುವ ಹೊಣೆ ಗೂಗಲ್‌ನದು ಎಂದಿತು. ಚದುರಿದ ಸಂಗತಿಗಳನ್ನು ಒಂದು ಹೆಸರಿನಡಿ ಪೋಣಿಸುವುದೇ ಖಾಸಗಿತನಕ್ಕೆ ಹೆಚ್ಚು ಪೆಟ್ಟು ಎಂಬ ಈ ತರ್ಕ ನಮಗೂ ಒಪ್ಪಿತ. ಆದರೆ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ಮೊದಲ ತೀರ್ಮಾನ ಇದರಿಂದ ಕಂಪನಿಯ ಕೈಗೇ ಹೋಯಿತು. ಅದು ಸಣ್ಣ ಅಧಿಕಾರವಲ್ಲ.

ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಅಳಿಸಲು ಕೇಳುವ ಹಕ್ಕು ಕೊಡುವುದು ನಾವೇ ಒಪ್ಪಿ ಕೊಟ್ಟ ಮಾಹಿತಿಗೆ. ಡೀಲಿಸ್ಟಿಂಗ್ ಬಗ್ಗೆ ಅದರಲ್ಲಿ ಪ್ರತ್ಯೇಕ ಮಾತಿಲ್ಲ.

ಹಾಗಾಗಿ ಮೊದಲು ಸಂಘವನ್ನೇ ಕೇಳಿ. ಫ್ಲ್ಯಾಟ್, ಮೊಬೈಲ್ ನಂಬರಿನ ಕಾಲಂ ತೆಗೆದ ಹೊಸ ಫೈಲನ್ನು ಹಳೆಯದರ ವೆಬ್ ವಿಳಾಸದಲ್ಲೇ ಏರಿಸಬೇಕು. ಬಹಳ ಕಡೆ ಎಡವುವುದು ಇಲ್ಲೇ: ಪಿಡಿಎಫ್‌ನಲ್ಲಿ ನಂಬರಿನ ಮೇಲೆ ಕಪ್ಪು ಪಟ್ಟಿ ಎಳೆದು ಬಿಡುತ್ತಾರೆ. ಪಟ್ಟಿಯ ಕೆಳಗೆ ಅಕ್ಷರ ಹಾಗೇ ಇರುತ್ತದೆ. ಆ ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. ನಂಬರು ಬಂದರೆ ಕೆಲಸ ಆಗಿಲ್ಲ.

ಫೈಲ್ ಬದಲಾದರೂ ಗೂಗಲ್ ಹಳೆಯ ಸಾಲನ್ನೇ ತೋರಿಸುತ್ತಿದ್ದರೆ, ಹಳತಾದ ಫಲಿತಾಂಶವನ್ನು ಹೊಸದಾಗಿಸಲು ಅದರದೇ ಫಾರಂ ಇದೆ. ಸಂಘ ಜಗ್ಗದಿದ್ದರೆ, ಫಲಿತಾಂಶದ ಪಕ್ಕದ ಮೂರು ಚುಕ್ಕೆ ಒತ್ತಿ, ಅದನ್ನು ತೆಗೆಯುವ ಆಯ್ಕೆಯಲ್ಲಿ ಫೋನ್, ವಿಳಾಸ ಇದೆ ಎಂದು ಕಾರಣ ಕೊಡಿ. ಫಾರಂ ಕೊಂಡಿ ಕೇಳಿದಾಗ ಪಿಡಿಎಫ್‌ನ ನೇರ ವೆಬ್ ವಿಳಾಸವನ್ನೇ ಹಾಕಿ. ಹುಡುಕಾಟದ ಪುಟದ ವಿಳಾಸ ಹಾಕಿದರೆ ಉಪಯೋಗವಿಲ್ಲ. ಬಿಂಗ್ ಎಂಬ ಇನ್ನೊಂದು ಸರ್ಚ್ ಎಂಜಿನ್‌ಗೆ ಬೇರೆಯೇ ಅರ್ಜಿ ಹಾಕಬೇಕು.