ನವೋದಯದ 80 ಸೀಟು: ಹಳ್ಳಿ ಮಕ್ಕಳ ಪಾಲು ಎಲ್ಲಿ ಸೋರುತ್ತಿದೆ?

ಐದನೇ ತರಗತಿ ಮಕ್ಕಳಿರುವ ಮನೆಗಳಲ್ಲಿ ಈಗ ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯದ್ದೇ ಮಾತು. ಹಾಸನ ಜಿಲ್ಲೆಗೆ ಮಾವಿನಕೆರೆಯಲ್ಲಿ, ಚಿಕ್ಕಮಗಳೂರಿಗೆ ಬಾಳೆಹೊನ್ನೂರು ಬಳಿಯ ಸೀಗೋಡಿನಲ್ಲಿ ಒಂದೊಂದು ಶಾಲೆ. ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲವೂ ಉಚಿತ. ಪೈಪೋಟಿ ಜೋರಾಗಿರುವುದು ಸಹಜ. ಆದರೆ ಆಯ್ಕೆಪಟ್ಟಿ ಬಂದಾಗಲೆಲ್ಲ ಏಳುವ ತಕರಾರು ಒಂದೇ: ಈ ಶಾಲೆ ಯಾರಿಗಾಗಿ ಹುಟ್ಟಿತೋ ಆ ಮಕ್ಕಳು ಪಟ್ಟಿಯಲ್ಲಿ ಎಷ್ಟಿದ್ದಾರೆ?

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯ ಸರಳವಾಗಿತ್ತು. ಹಳ್ಳಿಯ ಜಾಣ ಮಗುವಿಗೆ, ಅಪ್ಪ-ಅಮ್ಮನ ಜೇಬು ನೋಡದೆ, ಒಳ್ಳೆಯ ಶಾಲೆ ಸಿಗಬೇಕು. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡೇ ಶಾಲೆಗಳಿಂದ ಶುರುವಾದ ಯೋಜನೆ ಇಂದು 650 ದಾಟಿದೆ. ನಡುವೆ ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯಗಳೂ ತಮ್ಮದೇ ಪ್ರವೇಶ ಪರೀಕ್ಷೆ ತಂದವು.

ನವೋದಯದಲ್ಲಿ ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟರ ಮೀಸಲಾತಿಯೂ ಇದೆ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಹಂಚಿಕೆ ಸಿಗುವುದು ಕಷ್ಟ. ಗ್ರಾಮೀಣ ಎನಿಸಿಕೊಳ್ಳಲು ಮಗು 3, 4, 5ನೇ ತರಗತಿಗಳನ್ನು ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಒಂದು ದಿನ ಪಟ್ಟಣದ ಶಾಲೆಯಲ್ಲಿದ್ದರೂ ನಗರದ ಲೆಕ್ಕ. ಇಲ್ಲಿ ಅಳೆಯುವುದು ಶಾಲೆ ಇರುವ ಜಾಗವನ್ನು, ಮನೆಯ ಸ್ಥಿತಿಯನ್ನಲ್ಲ. ಪುರಸಭೆ ಗಡಿಯಾಚೆ, ಗ್ರಾಮ ಪಂಚಾಯ್ತಿ ಜಾಗದಲ್ಲಿರುವ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಮಾನ್ಯತೆ ಇದ್ದರೆ ಅದೂ ಗ್ರಾಮೀಣವೇ. ವ್ಯಾನಿನಲ್ಲಿ ಅಲ್ಲಿಗೆ ಹೋಗಿಬರುವ ಮಗುವೂ, ಮೂಡಿಗೆರೆ ತೋಟದ ಲೈನ್ ಮನೆಯಿಂದ ನಡೆದು ಸರ್ಕಾರಿ ಶಾಲೆಗೆ ಹೋಗುವ ಮಗುವೂ ಒಂದೇ ಸಾಲಿನಲ್ಲಿ. ಕೆಲಸ ಅರಸಿ ವರ್ಷದ ನಡುವೆ ಜಿಲ್ಲೆ ಬದಲಿಸಿದ ಕೂಲಿ ಕುಟುಂಬದ ಮಗುವಂತೂ ಸಾಲಿಗೇ ಸೇರುವುದಿಲ್ಲ, ಐದನೇ ತರಗತಿಯನ್ನು ಇಡೀ ವರ್ಷ ಅದೇ ಜಿಲ್ಲೆಯಲ್ಲಿ ಓದಿರಬೇಕೆಂಬುದು ನಿಯಮ.

ದೊಡ್ಡ ಅಂತರ ಕಾಣುವುದು ನವೋದಯ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಗಣಿತಕ್ಕೆ 25, ಭಾಷೆಗೆ 25. ಉಳಿದ 50 ಅಂಕ ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗಳಿಗೆ, ಎಲ್ಲವೂ ಚಿತ್ರಗಳು. ಗುಂಪಿಗೆ ಸೇರದ್ದು, ಕನ್ನಡಿಯ ಬಿಂಬ, ದೊಡ್ಡ ಆಕೃತಿಯೊಳಗೆ ಅಡಗಿದ ಸಣ್ಣ ಆಕೃತಿ, ಹೀಗೆ. ಚೌಕ ಕಾಗದವನ್ನು ಎರಡು ಸಲ ಮಡಚಿ ತೂತು ಹೊಡೆದಿರುತ್ತಾರೆ, ಬಿಚ್ಚಿದರೆ ಹೇಗೆ ಕಾಣುತ್ತದೆ? ತೂತು ನಾಲ್ಕಾಗುತ್ತದೆ, ಪ್ರತಿ ಮಡಿಕೆಯ ಆಚೀಚೆ ಸಮದೂರದಲ್ಲಿ. ಹಳೇ ಪೇಪರ್ ಮಡಚಿ ಹತ್ತು ಸಲ ಮಾಡಿದ ಮಗು ಇದನ್ನು ಅರೆ ನಿಮಿಷದಲ್ಲಿ ಬಿಡಿಸುತ್ತದೆ. ಮೊದಲ ಬಾರಿ ಪರೀಕ್ಷಾ ಕೊಠಡಿಯಲ್ಲೇ ನೋಡುವ ಮಗು ಕಕ್ಕಾಬಿಕ್ಕಿಯಾಗುತ್ತದೆ. ಇದು ಬುದ್ಧಿಯ ವ್ಯತ್ಯಾಸವಲ್ಲ, ರೂಢಿಯದು. ಕೋಚಿಂಗ್ ತರಗತಿಗಳು ಕಾಸು ಪಡೆದು ಕೊಡುವುದು ಮುಖ್ಯವಾಗಿ ಈ ರೂಢಿಯನ್ನೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಎಂಬುದೂ ತಿಳಿಯದೆ ಎಷ್ಟೋ ಮಕ್ಕಳು ಉತ್ತರ ಗುರುತಿಸುವ ಒಎಂಆರ್ ಹಾಳೆಯಲ್ಲಿ ವೃತ್ತಗಳನ್ನು ಖಾಲಿ ಬಿಟ್ಟು ಬರುತ್ತಾರೆ. ಮತ್ತೊಂದು ಅವಕಾಶವೂ ಇಲ್ಲ, ಈ ಪರೀಕ್ಷೆ ಬರೆಯಬಹುದಾದದ್ದು ಒಂದೇ ಸಲ.

ಅರ್ಜಿ ಆನ್‌ಲೈನ್ ಆದ ಮೇಲೆ ಜರಡಿ ಇನ್ನೂ ಮುಂಚೆಯೇ ಶುರುವಾಗುತ್ತದೆ. ಮುಖ್ಯ ಶಿಕ್ಷಕರ ಸಹಿ ಇರುವ ಪ್ರಮಾಣಪತ್ರ, ಫೋಟೊ, ಮಗುವಿನ ಹಾಗೂ ಪೋಷಕರ ಸಹಿ, ಪ್ರತಿಯೊಂದೂ 10ರಿಂದ 100 ಕೆಬಿ ಒಳಗಿನ ಜೆಪಿಜಿ. ಸಿಗ್ನಲ್ ಇಲ್ಲದ ಮಲೆನಾಡಿನ ಊರುಗಳಿಂದ ಸೈಬರ್ ಅಂಗಡಿಗೆ ಬಂದು ಹೋಗಲು ಒಂದು ದಿನದ ಕೂಲಿ ಹೋಗುತ್ತದೆ. ಅವಸರದಲ್ಲಿ ಕನ್ನಡದ ಬದಲು ಇಂಗ್ಲಿಷ್ ಮಾಧ್ಯಮಕ್ಕೆ, ಗ್ರಾಮೀಣದ ಬದಲು ನಗರಕ್ಕೆ ಕ್ಲಿಕ್ ಆದರೆ ಮಗುವಿನ ಲೆಕ್ಕವೇ ಬದಲು. ಒಬಿಸಿ ಮೀಸಲಾತಿಗೆ ಕೇಂದ್ರದ ಪಟ್ಟಿಯೇ ಆಧಾರ. ರಾಜ್ಯದ 2ಎ, 3ಎ ಪ್ರಮಾಣಪತ್ರ ಹಿಡಿದು ಹೋದವರು ದಾಖಲೆ ಪರಿಶೀಲನೆಯ ದಿನ ಪೇಚಿಗೆ ಸಿಲುಕುತ್ತಾರೆ.

ಇದರಲ್ಲಿ ಸರಿಪಡಿಸಬಹುದಾದದ್ದು ಸಾಕಷ್ಟಿದೆ. ಸರ್ಕಾರಿ ಶಾಲೆಯಲ್ಲೇ ಎಲ್ಲ ಐದನೇ ತರಗತಿ ಮಕ್ಕಳ ಅರ್ಜಿ ತುಂಬಿಸಬಹುದು, ವಾರಕ್ಕೆರಡು ಪೀರಿಯಡ್ ಚಿತ್ರಗಳ ಪ್ರಶ್ನೆಗೆ ಮೀಸಲಿಡಬಹುದು. ಇದಕ್ಕೆ ಬೇಕಿರುವುದು ಹಳೇ ಪ್ರಶ್ನೆಪತ್ರಿಕೆ, ಕಾಗದ, ಪೆನ್ನು ಅಷ್ಟೇ. ಅರ್ಜಿಯ ಗಡುವು ಮುಗಿದ ಬಳಿಕ ಕೆಲವೇ ದಿನ ತಿದ್ದುಪಡಿಗೆ ಅವಕಾಶ ತೆರೆಯುತ್ತದೆ: ಲಿಂಗ, ವರ್ಗ, ಗ್ರಾಮೀಣ-ನಗರ, ಅಂಗವೈಕಲ್ಯ, ಪರೀಕ್ಷಾ ಮಾಧ್ಯಮ. ಅರ್ಜಿಯ ಪ್ರಿಂಟ್ ತೆಗೆದು ಈ ಐದನ್ನು ಆಗಲೇ ನೋಡಿಕೊಳ್ಳಬೇಕು.