18:30 ಕಂಡರೆ ಅನುಮಾನಪಡಿ

ಫಾರ್ಮಿನಲ್ಲಿ ಹುಟ್ಟಿದ ದಿನ 15 ಆಗಸ್ಟ್ 1998 ಅಂತ ಆರಿಸಿದೆ. ಡೇಟಾಬೇಸ್ ನೋಡಿದರೆ 14 ಆಗಸ್ಟ್! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ತಪ್ಪು ನನ್ನದೇ ಒಂದು ಸಾಲಿನಲ್ಲಿತ್ತು.

ಡೇಟ್ ಪಿಕ್ಕರ್ ಕೊಟ್ಟಿದ್ದು ನಮ್ಮ ಮಧ್ಯರಾತ್ರಿ, 00:00. ಜಾವಾಸ್ಕ್ರಿಪ್ಟಿನಲ್ಲಿ ಅದನ್ನು ಐಎಸ್ಒ ಸ್ಟ್ರಿಂಗ್ (ದಿನಾಂಕ, ಸಮಯ ಎರಡೂ ಇರುವ ಪಠ್ಯರೂಪ) ಮಾಡಿ, ಮೊದಲ ಹತ್ತು ಅಕ್ಷರ, ಅಂದರೆ ದಿನಾಂಕ ಮಾತ್ರ ಸೇವ್ ಮಾಡಿದ್ದೆ. ಆ ಸ್ಟ್ರಿಂಗ್ ಯಾವಾಗಲೂ ಯುಟಿಸಿಯಲ್ಲೇ, ಅಂದರೆ ಜಗತ್ತಿನ ಪ್ರಮಾಣ ಸಮಯದಲ್ಲೇ, ಬರುತ್ತದೆ. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ ಅಲ್ವಾ? ಹಾಗಾಗಿ ನಮ್ಮ 15ರ 00:00 ಅಲ್ಲಿ 14ರ 18:30. ಕತ್ತರಿಸಿದಾಗ 18:30 ಬಿದ್ದುಹೋಯಿತು, 14 ಉಳಿಯಿತು.

05:30 ಕಂಡರೂ ಅನುಮಾನ ಬರಲಿ. ಅದು ಯುಟಿಸಿಯ ಮಧ್ಯರಾತ್ರಿ ನಮ್ಮ ಗಡಿಯಾರದಲ್ಲಿ ಕಾಣುವ ರೂಪ. 1970ರ ಜನವರಿ 1, 05:30 ಬಂತೆಂದರೆ ಟೈಮ್‌ಸ್ಟ್ಯಾಂಪ್ (ಯುಟಿಸಿಯ 1970ರ ಜನವರಿ 1ರ ಮಧ್ಯರಾತ್ರಿಯಿಂದ ಎಣಿಸಿದ ಸಮಯ) ಸೊನ್ನೆ, ಅಂದರೆ ಹೆಚ್ಚಾಗಿ ಖಾಲಿ ಫೀಲ್ಡ್. ಅದೇ 1970ರ ಜನವರಿ 20 ಬಂದರೆ ಕಥೆ ಬೇರೆ. ಪೈಥಾನ್ ಸೆಕೆಂಡ್ ಎಣಿಸುತ್ತದೆ, ಜಾವಾಸ್ಕ್ರಿಪ್ಟ್ ಮಿಲಿಸೆಕೆಂಡ್. 1700000000 ಎಂದರೆ 2023ರ ನವೆಂಬರ್. ಸಾವಿರದಿಂದ ಗುಣಿಸದೆ ಜಾವಾಸ್ಕ್ರಿಪ್ಟಿಗೆ ಕೊಟ್ಟರೆ ಆ ಜನವರಿಗೇ ಹೋಗಿ ಬೀಳುತ್ತದೆ.

ಉಳಿಸುವುದು ಹೇಗೆ? ಆಗಿಹೋದ ಘಟನೆಗೆ ಯುಟಿಸಿ ಸಾಕು. ಹುಟ್ಟುಹಬ್ಬಕ್ಕೆ ಟೈಮ್ ಝೋನೇ ಬೇಡ, ಬರೀ ದಿನಾಂಕದ ಕಾಲಂ ಇಡಿ. ಮುಂದೆ ನಡೆಯುವ ಮೀಟಿಂಗಿಗೆ ಮಾತ್ರ ಯುಟಿಸಿ ಸಾಲದು. ನ್ಯೂಯಾರ್ಕಿನ ಬೆಳಿಗ್ಗೆ 10 ಗಂಟೆ ನಮಗೆ ಬೇಸಿಗೆಯಲ್ಲಿ ಸಂಜೆ 7:30, ಚಳಿಗಾಲದಲ್ಲಿ 8:30. ಅವರು ಗಡಿಯಾರ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಹಾಗಾಗಿ "10:00" ಮತ್ತು "ಅಮೆರಿಕಾ/ನ್ಯೂಯಾರ್ಕ್" ಎಂಬ ಝೋನ್ ಹೆಸರು ಎರಡನ್ನೂ ಇಡಬೇಕು. ನಮ್ಮದಕ್ಕೆ "ಏಷ್ಯಾ/ಕೋಲ್ಕತ್ತಾ". ಸುಮ್ನೆ ಐಎಸ್‌ಟಿ ಅಂತ ಬರೆಯಬೇಡಿ, ಇಸ್ರೇಲಿನವರೂ ಐರ್ಲೆಂಡಿನವರೂ ಅದೇ ಮೂರಕ್ಷರ ಬಳಸುತ್ತಾರೆ.

ನನ್ನ ಬಗ್ ನ್ಯೂಯಾರ್ಕಿನ ಲ್ಯಾಪ್‌ಟಾಪಿನಲ್ಲಿ ಕಾಣುವುದೇ ಇಲ್ಲ. ಅಲ್ಲಿನ 15ರ ಮಧ್ಯರಾತ್ರಿ ಯುಟಿಸಿಯಲ್ಲೂ 15ನೇ ತಾರೀಖೇ. ಇದಕ್ಕೆ ಉಲ್ಟಾ ಇನ್ನೊಂದಿದೆ: "1998-08-15" ಅಂತ ಬರೀ ದಿನಾಂಕ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ ಎಂದು ಓದುತ್ತದೆ. ನಮಗೆ 15ರ ಬೆಳಿಗ್ಗೆ 5:30, ತಾರೀಖು ಸರಿಯಾಗೇ ಕಾಣುತ್ತದೆ. ನ್ಯೂಯಾರ್ಕಿನವರಿಗೆ 14ರ ರಾತ್ರಿ 8 ಗಂಟೆ. ಈಗ ನಾನು ಟೆಸ್ಟ್‌ಗಳನ್ನು ಎರಡು ಸಲ ಓಡಿಸುತ್ತೇನೆ, ಒಮ್ಮೆ ಕೋಲ್ಕತ್ತಾ ಝೋನಿನಲ್ಲಿ, ಇನ್ನೊಮ್ಮೆ ನ್ಯೂಯಾರ್ಕಿನದ್ದರಲ್ಲಿ.