ದೇವನಹಳ್ಳಿಯಿಂದ ದೂರ ಎಷ್ಟು, ಹೊತ್ತು ಎಷ್ಟು?

ವಿಮಾನದ ದೂರ ಲೆಕ್ಕ ಹಾಕೋದು ಕಲಿಯಲು ಬೆಂಗಳೂರು–ದೆಹಲಿಯಷ್ಟು ಸಲೀಸಾದ ಜೋಡಿ ಸಿಗುವುದು ಕಷ್ಟ. ದೇವನಹಳ್ಳಿಯ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ದೆಹಲಿಯದು 28.6ರಲ್ಲಿ. ರೇಖಾಂಶ ಎರಡಕ್ಕೂ 77ರ ಆಸುಪಾಸು. ಅಂದರೆ ಒಂದರ ನೆತ್ತಿಯ ಮೇಲೆ ಇನ್ನೊಂದು. ಅಕ್ಷಾಂಶದ ವ್ಯತ್ಯಾಸ 15.4, ಡಿಗ್ರಿಗೆ 111 ಕಿ.ಮೀ.ನಂತೆ ಗುಣಿಸಿದರೆ ಸುಮಾರು 1,710 ಕಿ.ಮೀ. ಅಷ್ಟೇ!

ಆದರೆ ಇದೇ ಉಪಾಯವನ್ನು ರೇಖಾಂಶಕ್ಕೆ ಹಚ್ಚಬೇಡಿ. ನಾನು ಹಚ್ಚಿ ಕೆಟ್ಟಿದ್ದೇನೆ. ರೇಖಾಂಶದ ಒಂದು ಡಿಗ್ರಿ 111 ಕಿ.ಮೀ. ಇರುವುದು ಸಮಭಾಜಕದ ಮೇಲೆ ಮಾತ್ರ; 60ನೇ ಅಕ್ಷಾಂಶಕ್ಕೆ ಹೋದರೆ ಅದು ಅರ್ಧಕ್ಕಿಳಿದಿರುತ್ತದೆ, ಧ್ರುವದಲ್ಲಿ ಸೊನ್ನೆ.

ಈಗ ಹೊತ್ತು. ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 850 ಕಿ.ಮೀ. ಹೋಗುತ್ತದೆ ಅಂತಿಟ್ಟುಕೊಳ್ಳಿ. ದೆಹಲಿಗೆ ಎರಡೇ ಗಂಟೆ ಸಾಕು. ಟಿಕೆಟ್ ನೋಡಿದರೆ ಎರಡೂ ಮುಕ್ಕಾಲು ಗಂಟೆ! ಟಿಕೆಟ್ಟಿನಲ್ಲಿರುವುದು ಬ್ಲಾಕ್ ಟೈಮ್: ಇಲ್ಲಿ ಗೇಟು ಬಿಟ್ಟ ಕ್ಷಣದಿಂದ ಅಲ್ಲಿ ಗೇಟು ಸೇರುವವರೆಗೆ. ರನ್‌ವೇವರೆಗಿನ ತೆವಳಾಟ, ಸರದಿ, ಏರುವಾಗ ಇಳಿಯುವಾಗಿನ ನಿಧಾನ ನಡಿಗೆ, ಎಲ್ಲಾ ಅದರಲ್ಲೇ ಬಂತು.

ದೂರದ ಊರಿಗೆ ಬಂದರೆ ಗೋಡೆಯ ನಕ್ಷೆಯೇ ನಮಗೆ ಮೋಸ ಮಾಡುತ್ತದೆ. ಅದರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಬೇಕೆಂದರೆ ಪೆಸಿಫಿಕ್ ಸಾಗರವನ್ನು ಅಡ್ಡಡ್ಡ ದಾಟಬೇಕು ಅನ್ನಿಸುತ್ತದೆ. ಶಾಲೆಯ ಗ್ಲೋಬ್ ತಗೊಂಡು ಬೆಂಗಳೂರಿನ ಮೇಲೆ ದಾರದ ತುದಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗೇ ಸರಿದು ಸೈಬೀರಿಯಾದ ನೆತ್ತಿಗೆ ಏರುತ್ತದೆ! ಅದೇ ಮಹಾವೃತ್ತದ ಹಾದಿ, ಅಂದರೆ ಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ, ಸುಮಾರು 14,000 ಕಿ.ಮೀ. ನೇರ ಉತ್ತರ ಧ್ರುವದ ಮೇಲೇ ಹೋದರೆ? ಧ್ರುವಕ್ಕೆ ಇಲ್ಲಿಂದ 76.8 ಡಿಗ್ರಿ, ಅಲ್ಲಿಂದ 52.4. ಕೂಡಿಸಿ 111ರಿಂದ ಗುಣಿಸಿದರೆ ಸುಮಾರು 14,340. ಹೆಚ್ಚೆಂದರೆ ನಾನೂರು ಕಿ.ಮೀ. ಸುತ್ತು, ಗಾಳಿ ಕೈ ಹಿಡಿದರೆ ಅದೇನೂ ದೊಡ್ಡದಲ್ಲ. ಗಾಳಿಯ ಪ್ರಭಾವ ನೋಡಬೇಕೆಂದರೆ ನ್ಯೂಯಾರ್ಕ್–ಲಂಡನ್ ನೋಡಿ: ಪೂರ್ವಕ್ಕೆ ಹಾರುವಾಗ ಬೆನ್ನಿಗೆ ಜೆಟ್ ಸ್ಟ್ರೀಮ್ (ಬಲು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ) ಇರುವುದರಿಂದ ಅಷ್ಟೇ ದೂರ ವಾಪಸು ಹಾರಾಟಕ್ಕಿಂತ ಸುಮಾರು ಒಂದು ಗಂಟೆ ಬೇಗ ಮುಗಿಯುತ್ತದೆ.

ಕೊನೆಯ ಎಡವಟ್ಟು ಗಡಿಯಾರದ್ದು. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ತಾರೀಕು ಕಳೆದು ಎರಡು ದಿನದ ಪ್ರಯಾಣ ಅನ್ನಬೇಡಿ. ಹಾರಾಟ ಸುಮಾರು 17 ಗಂಟೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ 13 ಗಂಟೆ 30 ನಿಮಿಷ ಮುಂದೆ. ಎರಡೂ ಕೂಡಿಸಿ, ಹೊರಟ ವೇಳೆಗೆ ಸೇರಿಸಿ. ಪ್ರಯಾಣಿಕರ 10ನೇ ತಾರೀಕು ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ.